ಮಗಳು ನೇಪಾಳದ ಬಾಲಗೃಹಕ್ಕೆ ಹೊರಟಿದ್ದಾಳೆ, ಕಳಿಸಲೇ?

ಪ್ರಶ್ನೆ: ನಾವು ಮುಂಬೈಯ ಮುಲುಂಡಿನಲ್ಲಿದ್ದೇವೆ. ಮಗಳಿಗೆ 21 ವರ್ಷ, ಬಿ.ಎ. ಕೊನೆಯ ಪರೀಕ್ಷೆ ಮುಗಿದಿದೆ. ಮುಂದೆ ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯೂ. ಮಾಡುವ ಆಸೆ. ಅದಕ್ಕೂ ಮೊದಲು ಕಾಠ್ಮಂಡುವಿನ ಒಂದು ಬಾಲಗೃಹದಲ್ಲಿ ಆರು ವಾರ ಸ್ವಯಂಸೇವಕಿಯಾಗಿ ಇದ್ದು ಬರುತ್ತೇನೆ ಎನ್ನುತ್ತಾಳೆ. ಇಂಟರ್ನೆಟ್ಟಿನಲ್ಲಿ ಸಿಕ್ಕ ಏಜೆನ್ಸಿ ಊಟ, ವಸತಿ ಸೇರಿ 65 ಸಾವಿರ ರೂಪಾಯಿ ಕೇಳುತ್ತಿದೆ. ಅಲ್ಲಿ ದಿನ ಹೇಗಿರುತ್ತದೆ, ಅವಳು ಏನು ಕೆಲಸ ಮಾಡಬೇಕಾಗುತ್ತದೆ? ಅವಳ ಅಪ್ಪ ‘ಪುಣ್ಯದ ಕೆಲಸ, ತಡೀಬೇಡ’ ಅಂತಾರೆ. ನನಗೆ ಯಾಕೋ ಧೈರ್ಯವಿಲ್ಲ. ಏನು ಮಾಡಲಿ?

ಉತ್ತರ:

ಕತಿ ದಿನ ಬಸ್ನೆ?

ನೇಪಾಳಿಯಲ್ಲಿ ಹಾಗಂದರೆ ‘ಎಷ್ಟು ದಿನ ಇರ್ತೀಯಾ?’ ಅಂತ. 2011ರಲ್ಲಿ ನಾನು ಕಾಠ್ಮಂಡು ಪಕ್ಕದ ಲಲಿತ್‌ಪುರದ ಒಂದು ಬಾಲಗೃಹದ ಗೇಟು ದಾಟಿದಾಗ ಏಳೆಂಟು ವರ್ಷದ ಹುಡುಗಿಯೊಬ್ಬಳು ಕೇಳಿದ ಮೊದಲ ಮಾತು ಅದು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಒಂಬತ್ತು ತಿಂಗಳು ಅಂದೆ. ಮೇಲಿಂದ ಕೆಳಗೆ ಒಮ್ಮೆ ನೋಡಿ ಒಳಗೆ ಓಡಿಹೋದಳು. ಆಮೇಲೆ ಗೊತ್ತಾಯಿತು, ಆ ಮಕ್ಕಳ ಹತ್ತಿರ ಇದಕ್ಕೊಂದು ಲೆಕ್ಕವೇ ಇತ್ತು. ಎರಡು ವಾರಕ್ಕೆ ಬಂದವರಿಗೆ ಹಾಡು, ಡಾನ್ಸು, ಅಪ್ಪುಗೆ. ಒಂದೆರಡು ತಿಂಗಳಿನವರಿಗೆ ಬಣ್ಣದ ಚಿತ್ರ, ಹಿಂದೆ ‘ಐ ಲವ್ ಯೂ ದಿದಿ’ ಅಂತ ಬರೆದದ್ದು. ದಿದಿ ಅಂದರೆ ಅಕ್ಕ. ಅದಕ್ಕಿಂತ ಜಾಸ್ತಿ ಇರುವವರಿಗೆ ಮಾತ್ರ ಭಾಗಾಕಾರದ ಹೋಮ್‌ವರ್ಕು, ಹಲ್ಲುನೋವು, ಪೆನ್ಸಿಲ್ ಕದ್ದದ್ದು ಯಾರು ಎಂಬ ಪಂಚಾಯಿತಿಕೆ. ನಿಮ್ಮ ಮಗಳು ಆರು ವಾರದವಳು. ಅವಳಿಗೆ ಸಿಗುವುದು ಹಾಡು ಮತ್ತು ಚಿತ್ರ.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇವಳ್ಯಾರು ಹೇಳೋಕೆ ಅನ್ನಿಸಬಹುದು. ಊರು ಕುಂದಾಪುರದ ಕಡೆ, ಮನೆ ಡೊಂಬಿವಲಿ. ಮುಂಬೈಯ ಬಾಲಗೃಹಗಳಲ್ಲಿ ಆಪ್ತಸಮಾಲೋಚಕಿಯಾಗಿ 24 ವರ್ಷ ಕೆಲಸ ಮಾಡಿದ್ದೇನೆ. ನಡುವೆ ಒಂಬತ್ತು ತಿಂಗಳು ನೇಪಾಳದಲ್ಲಿದ್ದೆ. 2015ರ ಏಪ್ರಿಲ್ 25ರ ಭೂಕಂಪದ ನಂತರ ಇನ್ನೊಮ್ಮೆ ಮೂರು ತಿಂಗಳು ಹೋಗಿದ್ದೆ. ಮೊದಲ ಸಲ ಹೋದಾಗ ನಿಮ್ಮ ಮಗಳಷ್ಟೇ ಹುರುಪಿತ್ತು, ವಯಸ್ಸು ಮಾತ್ರ ಎರಡು ಪಟ್ಟು. ಹಾಗಾಗಿ ಅವಳನ್ನು ಬಯ್ಯುವ ಹಕ್ಕು ನನಗಿಲ್ಲ.

ದಿನ ಹೇಗಿರುತ್ತದೆ ಅಂತ ಕೇಳಿದ್ದೀರಿ. ಅದನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಏಜೆನ್ಸಿಯ ಫೋಟೊಗಳಲ್ಲಿ ಅದು ಇರುವುದಿಲ್ಲ.

ಬೆಳಿಗ್ಗೆ ಐದಕ್ಕೆ ಅಡುಗೆಮನೆಯಲ್ಲಿ ದೀಪ. ಐದೂವರೆಗೆ ಮಕ್ಕಳು ಏಳುತ್ತಾರೆ. ನಾನಿದ್ದ ಮನೆಯಲ್ಲಿ 34 ಮಕ್ಕಳು, ಮೂರು ಪಾಯಿಖಾನೆ. ಅರ್ಧ ಜಗಳ ಅಲ್ಲೇ ಹುಟ್ಟುತ್ತದೆ. ನಂತರ ಚಹಾ, ಜೊತೆಗೆ ಒಂದು ಮುಷ್ಟಿ ಚಿಉರಾ, ಅಂದರೆ ನಮ್ಮ ಅವಲಕ್ಕಿ. ಆರೂವರೆಯಿಂದ ಎಂಟೂವರೆವರೆಗೆ ಓದು. ಒಂಬತ್ತರ ಒಳಗೆ ಊಟ. ತಿಂಡಿ ಅಲ್ಲ, ಊಟವೇ: ದಾಲ್, ಭಾತ್, ತರಕಾರಿ. ನೇಪಾಳದಲ್ಲಿ ಹೊಟ್ಟೆ ತುಂಬ ಅನ್ನ ಉಂಡು ಹತ್ತಕ್ಕೆ ಶಾಲೆ. ಇಡ್ಲಿ ದೋಸೆ ತಿಂದು ಬೆಳೆದವರಿಗೆ ಬೆಳಿಗ್ಗೆ ಒಂಬತ್ತಕ್ಕೆ ಅನ್ನ ಇಳಿಯಲು ಒಂದು ವಾರ ಬೇಕು. ಆದರೆ ಒಂದು ದಿನ ಅಡುಗೆಯ ದಿದಿ ಕೋದೋ ಹಿಟ್ಟಿನ ಢಿಂಡೋ ತೊಳಸಿಕೊಟ್ಟಳು. ಕೋದೋ ಅಂದರೆ ನಮ್ಮ ರಾಗಿ. ಬಾಯಿಗಿಟ್ಟರೆ ಮುದ್ದೆಯೇ. ನಾನು ಕರಾವಳಿಯವಳು, ಊರಲ್ಲಿ ಮುದ್ದೆ ಉಂಡವಳೇ ಅಲ್ಲ. ಪರದೇಶದಲ್ಲಿ ಅದನ್ನು ಉಂಡು ಕಣ್ಣಲ್ಲಿ ನೀರು ಬಂತು ಅಂದರೆ ನಗಬೇಡಿ.

ಹತ್ತರಿಂದ ನಾಲ್ಕರವರೆಗೆ ಮನೆ ಖಾಲಿ. ಇದು ಮುಖ್ಯ. ‘ಮಕ್ಕಳ ಜೊತೆ ದಿನವಿಡೀ ಇರಬಹುದು’ ಅಂತ ಬಂದ ಸ್ವಯಂಸೇವಕರಿಗೆ ಆ ಆರು ಗಂಟೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಠಮೆಲ್ ಬಜಾರಿಗೆ ಕಾಫಿ ಕುಡಿಯಲು ಹೋಗಿಬಿಡುತ್ತಾರೆ. ಆದರೆ ಮನೆಯ ನಿಜವಾದ ಕೆಲಸ ನಡೆಯುವುದೇ ಆಗ. 34 ಜೊತೆ ಸಮವಸ್ತ್ರ ಒಗೆಯಬೇಕು. ನೀರಿನ ಟ್ಯಾಂಕರಿಗೆ ಕಾಯಬೇಕು. ಸೊಪ್ಪು ಆರಿಸಬೇಕು. ರಾತ್ರಿ ಉಚ್ಚೆ ಹೊಯ್ದ ಹಾಸಿಗೆಗಳನ್ನು ತಾರಸಿಗೆ ಹೊತ್ತು ಒಣಹಾಕಬೇಕು. ಯಾವ ಮಗುವಿಗೆ ಯಾವ ಲಸಿಕೆ ಆಗಿದೆ ಎಂದು ಕಡತ ನೋಡಿ ಬರೆಯಬೇಕು. ನಾನು ಅಲ್ಲಿದ್ದ ಚಳಿಗಾಲದಲ್ಲಿ ದಿನಕ್ಕೆ ಹನ್ನೆರಡು ಗಂಟೆಗೂ ಜಾಸ್ತಿ ಹೊತ್ತು ಕರೆಂಟ್ ಹೋಗಿರುತ್ತಿತ್ತು. ಯಾವ ದಿನ ಯಾವ ಹೊತ್ತಿಗೆ ಬರುತ್ತದೆ ಎಂಬ ವೇಳಾಪಟ್ಟಿ ಗೋಡೆಗೆ ಅಂಟಿಸಿ, ಇಸ್ತ್ರಿಯಿಂದ ಹಿಡಿದು ಕಂಪ್ಯೂಟರ್ ಕೆಲಸದವರೆಗೆ ಎಲ್ಲ ಅದರ ಪ್ರಕಾರ. ಈಗ ಆ ಕಾಟ ತಪ್ಪಿದೆ.

ನಾಲ್ಕಕ್ಕೆ ಮಕ್ಕಳು ವಾಪಸ್. ಖಾಜಾ, ಅಂದರೆ ಸಂಜೆಯ ತಿಂಡಿ. ಐದರಿಂದ ಏಳು ಹೋಮ್‌ವರ್ಕು. ಏಳಕ್ಕೆ ಮತ್ತೆ ದಾಲ್ ಭಾತ್. ಎಂಟೂವರೆಗೆ ಮಲಗುವುದು. ಹನ್ನೊಂದಕ್ಕೆ ಮಕ್ಕಳನ್ನು ನೋಡಿಕೊಳ್ಳುವ ದಿದಿ ಎದ್ದು, ಹಾಸಿಗೆ ಒದ್ದೆ ಮಾಡುವ ನಾಲ್ಕೈದು ಮಕ್ಕಳನ್ನು ಎಬ್ಬಿಸಿ ಹೊರಗೆ ಕರೆದೊಯ್ಯುತ್ತಾಳೆ. ಪ್ರತಿ ರಾತ್ರಿ. ಇದನ್ನು ಯಾರೂ ಫೋಟೊ ತೆಗೆಯುವುದಿಲ್ಲ.

ನೇಪಾಳದಲ್ಲಿ ವಾರದ ರಜೆ ಶನಿವಾರ. ಆವತ್ತು ತಲೆಸ್ನಾನ. ಬಿಸಿಲು ಬಿದ್ದ ತಾರಸಿಯಲ್ಲಿ ಸಾಲಾಗಿ ಕೂರಿಸಿ ಸೀರಣಿಗೆ ಹಿಡಿದು ಹೇನು ತೆಗೆಯುವುದು. ಒಂದು ಮಗುವಿನ ತಲೆಯಿಂದ ತೆಗೆದರೆ ಸಾಲದು, ಒಂದೇ ದಿನ 34 ತಲೆಗಳೂ ಆಗಬೇಕು. ಇಲ್ಲದಿದ್ದರೆ ಸೋಮವಾರಕ್ಕೆ ಮತ್ತೆ ಎಲ್ಲರಿಗೂ. ಕಜ್ಜಿಯ ಕಥೆಯೂ ಅಷ್ಟೇ. ಎಲ್ಲರಿಗೂ ಒಂದೇ ರಾತ್ರಿ ಮುಲಾಮು ಹಚ್ಚಿ, ಹಾಸಿಗೆ ಬಟ್ಟೆಯನ್ನೆಲ್ಲ ಬಿಸಿನೀರಲ್ಲಿ ಹಾಕಬೇಕು. ನಿಮ್ಮ ಮಗಳು ಹೋಗುವುದೇ ಆದರೆ ಒಂದು ಸೀರಣಿಗೆ ಬ್ಯಾಗಿನಲ್ಲಿರಲಿ. ಅವಳ ತಲೆಗೂ ಬೇಕಾಗುತ್ತದೆ.

ಇಷ್ಟು ಕೇಳಿದರೆ ‘ಪರವಾಗಿಲ್ಲ, ಕಷ್ಟದ ಕೆಲಸ, ಕಲಿಯಲಿ ಬಿಡಿ’ ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ದಸರಾವರೆಗೆ.

ಅಲ್ಲಿ ದಸರೆಗೆ ದಶೈಂ ಅನ್ನುತ್ತಾರೆ. ಹದಿನೈದು ದಿನದ ಹಬ್ಬ. ಊರಿಗೆ ಹೋಗದವರು ಇಲ್ಲ. ಹಬ್ಬಕ್ಕೆ ವಾರವಿರುವಾಗ ಬಾಲಗೃಹದ ಗೇಟಿಗೆ ಒಬ್ಬೊಬ್ಬರೇ ಬರತೊಡಗಿದರು. ಯಾರದೋ ಅಮ್ಮ, ಯಾರದೋ ಚಿಕ್ಕಪ್ಪ, ಒಬ್ಬ ಅಜ್ಜ. 34 ಮಕ್ಕಳಲ್ಲಿ 25 ಮಕ್ಕಳು ಚೀಲ ಹಿಡಿದು ಮನೆಗೆ ಹೋದರು. ನಾನು ಖಾಲಿ ಕೋಣೆಯಲ್ಲಿ ಕೂತು ಯೋಚಿಸಿದೆ: ನನಗೆ ಇವರೆಲ್ಲ ಅನಾಥರು ಅಂತ ಹೇಳಿದ್ದರಲ್ಲ? ಕಡತದಲ್ಲೂ ಹಾಗೇ ಇತ್ತು. ನಾನು ಮುಂಬೈಯಲ್ಲಿ ಅದೇ ಕಸುಬು ಮಾಡಿದವಳು, ಐದು ತಿಂಗಳು ಅಲ್ಲಿದ್ದೆ, ಒಂದು ಸಲವೂ ಕೇಳಲಿಲ್ಲ. ‘ಅನಾಥ’ ಎಂಬ ಪದಕ್ಕೆ ಅಂಥ ಶಕ್ತಿ ಇದೆ. ಅದು ಬಾಯಿ ಮುಚ್ಚಿಸುತ್ತದೆ.

ಇದು ಒಂದು ಮನೆಯ ಕಥೆ ಅಲ್ಲ. ನೇಪಾಳದ ಬಾಲಗೃಹಗಳಲ್ಲಿರುವ ನೂರು ಮಕ್ಕಳಲ್ಲಿ 85ಕ್ಕೂ ಹೆಚ್ಚು ಮಕ್ಕಳಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಬದುಕಿದ್ದಾರೆ ಎಂಬುದು ಯುನಿಸೆಫ್ ಲೆಕ್ಕ. ಕಾಂಬೋಡಿಯಾದಲ್ಲಿ 2011ರಲ್ಲಿ ನೋಡಿದಾಗ ನಾಲ್ಕರಲ್ಲಿ ಸುಮಾರು ಮೂರು ಮಕ್ಕಳದು ಅದೇ ಕಥೆ. ಮತ್ತೆ ಅವರೇಕೆ ಅಲ್ಲಿದ್ದಾರೆ? ನೇಪಾಳದ ಮಟ್ಟಿಗೆ ಹೇಳುವುದಾದರೆ, 1996ರಿಂದ 2006ರವರೆಗೆ ಅಲ್ಲಿ ಅಂತರ್ಯುದ್ಧ ನಡೆಯಿತು. ಹುಮ್ಲಾದಂಥ ಮೇಲಿನ ಜಿಲ್ಲೆಗಳಿಗೆ ರಸ್ತೆಯೇ ಇರಲಿಲ್ಲ. ವಿಮಾನ, ಇಲ್ಲವೇ ದಿನಗಟ್ಟಲೆ ನಡಿಗೆ. ಮಾವೋವಾದಿಗಳು ಮಕ್ಕಳನ್ನು ಎಳೆದೊಯ್ಯುತ್ತಾರೆ ಎಂಬ ಭಯ ಬೇರೆ. ದಲ್ಲಾಳಿಗಳು ಬಂದು ‘ಕಾಠ್ಮಂಡುವಿನಲ್ಲಿ ಒಳ್ಳೆ ಶಾಲೆಗೆ ಹಾಕುತ್ತೇವೆ’ ಎಂದರು. ಅಪ್ಪ ಅಮ್ಮ ಇದ್ದಬದ್ದದ್ದನ್ನು ಮಾರಿ ದುಡ್ಡು ಕೊಟ್ಟು ಕಳಿಸಿದರು. ಮಗು ರಾಜಧಾನಿಗೆ ಬಂದ ಮೇಲೆ ಅದರ ಅಪ್ಪ ಅಮ್ಮ ಕಾಗದದಲ್ಲಿ ಸತ್ತರು. ಯುದ್ಧ ನಿಂತಿತು, ದಂಧೆ ನಿಲ್ಲಲಿಲ್ಲ. ಬಾಲಗೃಹಗಳು ಹೆಚ್ಚಾಗಿ ಇರುವುದು ಎಲ್ಲಿ ಅಂತ ನೋಡಿ: ಕಾಠ್ಮಂಡು, ಲಲಿತ್‌ಪುರ, ಪೋಖರಾ ಇರುವ ಕಾಸ್ಕಿ, ಚಿತ್ವನ್. ಪ್ರವಾಸಿಗಳು ಹೋಗುವ ಜಾಗಗಳೂ ಇವೇ. 2015ರ ಭೂಕಂಪವಾದ ಮೇಲೆ, ಪಾಲಕರಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಜಿಲ್ಲೆಗೆ ಸಾಗಿಸಬಾರದು ಎಂದು ಸರ್ಕಾರವೇ ತಡೆ ಹಾಕಬೇಕಾಯಿತು.

ಇಲ್ಲಿ ನಮ್ಮವರ ಒಂದು ವಿಷಯ ನೆನಪಿಗೆ ಬರುತ್ತದೆ. ಮುಂಬೈಯ ಉಡುಪಿ ಹೋಟೆಲುಗಳಿಗೆ ಹತ್ತು ಹನ್ನೆರಡು ವರ್ಷಕ್ಕೇ ಊರು ಬಿಟ್ಟು ಬಂದ ಮಾಣಿಗಳನ್ನು ನೀವೂ ಕೇಳಿಬಲ್ಲಿರಿ. ನನ್ನ ಸ್ವಂತ ಮಾವ ಅವರಲ್ಲೊಬ್ಬರು. ಹಗಲು ಲೋಟ ತೊಳೆದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ತೂಕಡಿಸುತ್ತ ಮೆಟ್ರಿಕ್ ಮಾಡಿದವರು. ಅದೇನು ಸುಖದ ಬಾಲ್ಯ ಅಂತ ನಾನು ಹೇಳುತ್ತಿಲ್ಲ. ಇವತ್ತಿನ ಕಾನೂನಿನಲ್ಲಿ ಅದು ಬಾಲಕಾರ್ಮಿಕತೆ, ಶುದ್ಧವಾಗಿ. ಆದರೆ ಒಂದು ಗಮನಿಸಿ. ಅವರು ಬಡವರಾಗಿದ್ದರು, ಮನೆಯಿಂದ ದೂರವಿದ್ದರು, ಯಾರೂ ಅವರನ್ನು ಅನಾಥರು ಅನ್ನಲಿಲ್ಲ. ಊರಲ್ಲಿ ಅಮ್ಮ ಇದ್ದಳು. ಅವಳಿಗೆ ತಿಂಗಳಿಗೊಂದು ಕಾಗದ, ಕೈಲಾದಾಗ ಮನಿಯಾರ್ಡರು ಹೋಗುತ್ತಿತ್ತು. ಹುಮ್ಲಾದ ಮಕ್ಕಳೂ ಓದಲೆಂದೇ ಬಂದವರು. ವ್ಯತ್ಯಾಸ ಇಷ್ಟೇ, ನಮ್ಮ ಮಾಣಿಗಳ ಅಮ್ಮಂದಿರನ್ನು ಯಾರೂ ಕಡತದಿಂದ ಹೊಡೆದುಹಾಕಲಿಲ್ಲ.

ಈಗ ನಿಮ್ಮ 65 ಸಾವಿರಕ್ಕೆ ಬರೋಣ. ಸ್ವಯಂಸೇವಕರು ದುಡ್ಡು ಕೊಟ್ಟು ಬರುವ ಕಡೆ, ಮಕ್ಕಳು ಇದ್ದಷ್ಟು ಲಾಭ. ಮಗು ಮನೆಗೆ ವಾಪಸ್ಸು ಹೋದರೆ ಒಂದು ಹಾಸಿಗೆ ಖಾಲಿ, ನೋಡಲು ಬರುವವರಿಗೆ ಒಂದು ಮುಖ ಕಮ್ಮಿ. ನಾನಿದ್ದ ಮನೆಯ ಉಗ್ರಾಣದಲ್ಲಿ ಹನ್ನೆರಡು ಹೊಸ ಹಾಸಿಗೆ ಪ್ಲಾಸ್ಟಿಕ್ ಸುತ್ತಿದ ಹಾಗೇ ಇದ್ದವು. ಮಕ್ಕಳು ಹರಿದದ್ದರ ಮೇಲೆ ಮಲಗುತ್ತಿದ್ದರು. ಯಾಕೆ ಅಂತ ಕೇಳಿದೆ. ನಡೆಸುವವರು ಮುಚ್ಚುಮರೆ ಇಲ್ಲದೆ ಹೇಳಿದರು: ‘ಬಂದವರಿಗೆ ಹರಿದದ್ದು ಕಾಣಬೇಕು, ಇಲ್ಲದಿದ್ದರೆ ಯಾರು ಕೊಡ್ತಾರೆ?’ ಅವರು ರಾಕ್ಷಸರಲ್ಲ. ಮಕ್ಕಳಿಗೆ ಜ್ವರ ಬಂದರೆ ರಾತ್ರಿಯೆಲ್ಲ ಕೂರುತ್ತಿದ್ದರು. ಆದರೆ ದುಡ್ಡು ಬರುವ ದಾರಿ ಹೇಗಿದೆಯೋ ಮನೆ ನಡೆಯುವ ರೀತಿ ಹಾಗೆ ಬಾಗುತ್ತದೆ.

ನಮ್ಮ ದೇಶದಲ್ಲಿ ಮಿಷನ್ ವಾತ್ಸಲ್ಯ ಎಂಬ ಸರ್ಕಾರಿ ಯೋಜನೆ ಇದೆ. ಬಡತನದಿಂದ ಮಗು ಬಾಲಗೃಹ ಸೇರದಿರಲಿ ಅಂತ, ಅದು ಮನೆಯಲ್ಲೇ ಬೆಳೆಯಲು ತಿಂಗಳಿಗೆ 4,000 ರೂಪಾಯಿ ಕೊಡುತ್ತಾರೆ. ಆ ಲೆಕ್ಕದಲ್ಲಿ ನಿಮ್ಮ 65 ಸಾವಿರ ಒಂದು ಮಗುವನ್ನು ಹದಿನಾರು ತಿಂಗಳು ಅದರ ಅಮ್ಮನ ಹತ್ತಿರ ಇಡುತ್ತದೆ. ಅವಳ ಅಪ್ಪ ಪುಣ್ಯದ ಮಾತಾಡಿದರಲ್ಲ, ಅವರಿಗೆ ಈ ಲೆಕ್ಕ ತೋರಿಸಿ.

ಇನ್ನು ಅಪ್ಪುಗೆಯ ವಿಷಯ. ಇದನ್ನು ಮಗಳಿಗೆ ನಿಧಾನವಾಗಿ ಹೇಳಿ, ಅವಳಿಗೆ ಬೇಜಾರಾಗಬಹುದು. ಹೊಸಬರು ಬಂದ ಐದು ನಿಮಿಷಕ್ಕೆ ಮಗು ಓಡಿ ಬಂದು ತಬ್ಬಿಕೊಂಡು ಮಡಿಲಿಗೆ ಹತ್ತಿದರೆ ‘ಎಷ್ಟು ಪ್ರೀತಿ!’ ಅನ್ನುತ್ತೇವೆ. ನಿಮ್ಮ ಮಗಳು ಎರಡು ವರ್ಷದವಳಿದ್ದಾಗ ಹೇಗಿದ್ದಳು ನೆನಪಿಸಿಕೊಳ್ಳಿ. ಮನೆಗೆ ಹೊಸಬರು ಬಂದರೆ ನಿಮ್ಮ ಸೆರಗಿನ ಹಿಂದೆ ಅಡಗುತ್ತಿದ್ದಳು ತಾನೇ? ಎತ್ತಿಕೊಂಡರೆ ಕಿರುಚುತ್ತಿದ್ದಳು. ಅದು ಆರೋಗ್ಯ. ತನ್ನವರು ಯಾರು, ಹೊರಗಿನವರು ಯಾರು ಎಂದು ಗೊತ್ತಿರುವ ಮಗು ಹಾಗೆ ಮಾಡುತ್ತದೆ. ಯಾರು ಬಂದರೂ ಹತ್ತುವ ಮಗುವಿಗೆ ಆ ಗೆರೆ ಅಳಿಸಿಹೋಗಿರುತ್ತದೆ. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಲ್ಲಿ, ಮಗುವಿಗೆ ಬೇಕಾದ್ದು ಬಿಡದೆ ಜೊತೆಗಿರುವ ಒಬ್ಬ ತಾಯಿ ಅಥವಾ ತಾಯಿಯಂಥವರು ಎಂದಿದ್ದರು. ರೊಮೇನಿಯಾದ ರಾಜಧಾನಿ ಬುಕಾರೆಸ್ಟಿನಲ್ಲಿ 2000ದ ಆಸುಪಾಸಿನಲ್ಲಿ ಅನಾಥಾಲಯಗಳ 136 ಪುಟ್ಟ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಅರ್ಧ ಮಕ್ಕಳನ್ನು ಸಾಕುಮನೆಗಳಿಗೆ ಕೊಟ್ಟರು. ಆ ಮಕ್ಕಳ ಬುದ್ಧಿ, ಮಾತು, ನಂಟು ಎಲ್ಲ ಸುಧಾರಿಸಿತು. ಎರಡು ವರ್ಷ ತುಂಬುವ ಮೊದಲೇ ಹೋದವರಿಗಂತೂ ಇನ್ನೂ ಚೆನ್ನಾಗಿ.

ಆರು ವಾರಕ್ಕೊಬ್ಬ ಹೊಸ ದಿದಿ ಬಂದು, ಪ್ರೀತಿ ಕೊಟ್ಟು, ಅತ್ತು, ಸೆಲ್ಫಿ ತೆಗೆದುಕೊಂಡು ಹೋಗುವುದು ಆ ಮಗುವಿಗೆ ಏನು ಕಲಿಸುತ್ತದೆ ಎಂದು ಲೆಕ್ಕ ಹಾಕಿ. ವರ್ಷಕ್ಕೆ ಎಂಟು ದಿದಿಯರು. ಐದು ವರ್ಷದಿಂದ ಇರುವ ಮಗುವಿಗೆ ನಲವತ್ತು. ‘ಕತಿ ದಿನ ಬಸ್ನೆ’ ಎಂದು ಆ ಹುಡುಗಿ ಕೇಳಿದ್ದು ಸುಮ್ನೆ ಅಲ್ಲ.

ಇದು ನನ್ನೊಬ್ಬಳ ಹಟ ಅಂತ ತಿಳಿಯಬೇಡಿ. ಆಸ್ಟ್ರೇಲಿಯಾದಲ್ಲಿ 2018ರ ಆಧುನಿಕ ಗುಲಾಮಗಿರಿ ಕಾಯ್ದೆ ಬಂದಾಗ ಅನಾಥಾಲಯಗಳಿಗಾಗಿ ಮಕ್ಕಳನ್ನು ಸಾಗಿಸುವುದನ್ನೂ ಆ ಚರ್ಚೆಯಲ್ಲಿ ಗುಲಾಮಗಿರಿಯ ಸಾಲಿಗೆ ಸೇರಿಸಿದರು. ವಿಶ್ವಸಂಸ್ಥೆಯ ಮಹಾಸಭೆ 2019ರ ನಿರ್ಣಯವೊಂದರಲ್ಲಿ ಅನಾಥಾಲಯಗಳ ಸ್ವಯಂಸೇವಾ ಪ್ರವಾಸದಿಂದ ಮಕ್ಕಳಿಗಾಗುವ ಹಾನಿಯನ್ನು ಹೆಸರಿಟ್ಟು ಹೇಳಿತು.

ಹಾಗಾದರೆ ನನ್ನ ಉತ್ತರ? ಈ ಏಜೆನ್ಸಿಯ ಮೂಲಕ, ಆರು ವಾರಕ್ಕೆ, ಮಕ್ಕಳ ಜೊತೆ ಇರುವ ಕೆಲಸಕ್ಕೆ ಕಳಿಸಬೇಡಿ. ನಿಮಗೆ ಧೈರ್ಯ ಬಾರದೆ ಇದ್ದದ್ದು ಮಗಳ ಕ್ಷೇಮದ ಬಗ್ಗೆ ಇರಬಹುದು. ನನ್ನ ಚಿಂತೆ ಆ ಮಕ್ಕಳದು. ಎರಡಕ್ಕೂ ಉತ್ತರ ಒಂದೇ ಆಯಿತು.

ಆದರೂ ಮಗಳು ಕೇಳುವವಳಲ್ಲ ಅಂತ ನಿಮ್ಮ ಪತ್ರದ ದಾಟಿಯಲ್ಲೇ ಗೊತ್ತಾಗುತ್ತಿದೆ. ಹಾಗಿದ್ದರೆ ಏಜೆನ್ಸಿಗೆ ಅವಳೇ ಕೆಲವು ಪ್ರಶ್ನೆ ಬರೆದು ಕೇಳಲಿ. ಮಕ್ಕಳನ್ನು ನೋಡಿಕೊಳ್ಳುವ ದಿದಿಯರು ಎಷ್ಟು ಜನ, ಎಷ್ಟು ವರ್ಷದಿಂದ ಇದ್ದಾರೆ, ಅವರಿಗೆ ಸಂಬಳ ಯಾರು ಕೊಡುತ್ತಾರೆ? ಕಳೆದ ವರ್ಷ ಎಷ್ಟು ಮಕ್ಕಳು ತಮ್ಮ ಮನೆಗೆ ವಾಪಸ್ಸಾದರು? ದಶೈಂಗೆ ಎಷ್ಟು ಮಕ್ಕಳು ಊರಿಗೆ ಹೋಗುತ್ತಾರೆ? ಈ ಕೊನೆಯದಕ್ಕೆ ಉತ್ತರ ಬಂದರೆ ಉಳಿದದ್ದೆಲ್ಲ ನಿಮಗೇ ತಿಳಿಯುತ್ತದೆ. 65 ಸಾವಿರದಲ್ಲಿ ಮನೆಗೆ ಎಷ್ಟು ತಲುಪುತ್ತದೆ ಎಂದೂ ಕೇಳಲಿ. ಒಳ್ಳೆಯವರು ಅಂಕಿ ಹೇಳುತ್ತಾರೆ. ಉಳಿದವರು ‘ಮಕ್ಕಳ ನಗು’ ಅಂತ ಶುರು ಮಾಡುತ್ತಾರೆ.

ಇನ್ನೊಂದು ಪರೀಕ್ಷೆ ಇದೆ, ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮೇಲು. ಅವರು ನಿಮ್ಮ ಮಗಳಿಂದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅಂದರೆ ಮೇಲೆ ಯಾವ ಕೇಸೂ ಇಲ್ಲ ಎಂಬ ಪತ್ರ, ಕೇಳಿದ್ದಾರಾ? ಪಾಸ್‌ಪೋರ್ಟ್ ಸೇವಾ ಮೂಲಕ ಅರ್ಜಿ ಹಾಕಿದರೆ ಸಿಗುತ್ತದೆ, ಕಷ್ಟದ ಕೆಲಸ ಅಲ್ಲ. ಇಬ್ಬರು ಗೊತ್ತಿರುವವರ ಪತ್ರ? ಫೋನಿನಲ್ಲಿ ಸಂದರ್ಶನ? ಏನೂ ಕೇಳದೆ, ದುಡ್ಡು ಕಟ್ಟಿ ಬನ್ನಿ ಎನ್ನುವ ಮನೆ ನಾಳೆ ಬೇರೆ ಯಾರನ್ನೂ ಏನೂ ಕೇಳದೆ ಒಳಗೆ ಬಿಡುತ್ತದೆ. ಸಮಾಜಸೇವೆ ಎಂದು ಬಂದು ಮಕ್ಕಳ ಮೇಲೆ ಕೈಹಾಕಿ ಜೈಲು ಸೇರಿದ ವಿದೇಶಿಯರು ನೇಪಾಳದಲ್ಲಿ ಇದ್ದಾರೆ. ‘ಇಂಡಿಯಾದವರಿಗೆ ಯಾವ ಕಾಗದವೂ ಬೇಡ’ ಎಂದು ಏಜೆನ್ಸಿ ಹೇಳಿದ್ದರೆ ಅದು ಅರ್ಧ ನಿಜ. ಭಾರತ ಮತ್ತು ನೇಪಾಳದ ನಡುವಿನ 1950ರ ಒಪ್ಪಂದದಿಂದಾಗಿ ನಮಗೆ ವೀಸಾ ಬೇಡ, ಸರಿ. ಬೇರೆ ದೇಶದವರಿಗಾದರೆ ಪ್ರವಾಸಿ ವೀಸಾದಲ್ಲಿ ಸಂಬಳವಿಲ್ಲದ ಕೆಲಸವನ್ನೂ ಮಾಡಲು ಬಿಡುವುದಿಲ್ಲ. ನಮಗೆ ಆ ಬಾಗಿಲೇ ಇಲ್ಲದ್ದರಿಂದ ತಡೆದು ಕೇಳುವವರೂ ಇಲ್ಲ. ಹಾಗಾಗಿ ನಾವೇ ಕೇಳಿಕೊಳ್ಳಬೇಕು. ಅಂದಹಾಗೆ ಗಡಿ ದಾಟಲು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಅವಳ ವಯಸ್ಸಿನವರಿಗೆ ಆಧಾರ್ ನಡೆಯುವುದಿಲ್ಲ. ನಾನು ಕುರ್ಲಾ ಟರ್ಮಿನಸ್ಸಿನಿಂದ ರೈಲಿನಲ್ಲಿ ರಕ್ಸೌಲ್‌ಗೆ ಹೋಗಿ, ಟಾಂಗಾದಲ್ಲಿ ಬೀರ್‌ಗಂಜ್ ದಾಟಿ, ಅಲ್ಲಿಂದ ಬಸ್ಸು ಹಿಡಿದಿದ್ದೆ. ನಿಮ್ಮ ಮಗಳಿಗೆ ಅದು ಬೇಡ, ವಿಮಾನದಲ್ಲೇ ಹೋಗಲಿ. ಜೂನ್ ಮಧ್ಯದಿಂದ ಅಲ್ಲಿ ಮಳೆಗಾಲ, ಗುಡ್ಡ ಕುಸಿದು ರಸ್ತೆ ಬಂದಾಗುವುದು ಮಾಮೂಲು. ಹೊರಡುವ ಮೊದಲು ಟೈಫಾಯ್ಡ್, ಹೆಪಟೈಟಿಸ್ ಎ, ಧನುರ್ವಾಯು ಲಸಿಕೆಗಳ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ. ನೀರು ಕುದಿಸಿಯೇ ಕುಡಿಯಬೇಕು.

ವಸತಿ ಬಾಲಗೃಹದ ಒಳಗೇ ಅಂದರೆ ಒಪ್ಪಬೇಡಿ. ಮಕ್ಕಳು ಮಲಗುವ ಕಡೆ ಬಂದುಹೋಗುವವರು ಮಲಗಬಾರದು. ಇದು ಅವಳ ಕ್ಷೇಮಕ್ಕೂ ಹೌದು, ಅವರ ಕ್ಷೇಮಕ್ಕೂ ಹೌದು. ಹತ್ತಿರದ ಯಾವುದಾದರೂ ಕುಟುಂಬದ ಮನೆಯಲ್ಲಿ ಕೋಣೆ ನೋಡಲಿ.

ಅಲ್ಲಿ ಹೋದ ಮೇಲೆ ಅವಳ ಕೆಲಸ ಹತ್ತರಿಂದ ನಾಲ್ಕರವರೆಗಿನ ಕೆಲಸವಾಗಲಿ. ಆಗಲೇ ಹೇಳಿದೆನಲ್ಲ, ಮಕ್ಕಳಿಲ್ಲದ ಹೊತ್ತಿನ ಕೆಲಸ. ಕಡತಗಳನ್ನು ಜೋಡಿಸುವುದು, ದಿದಿಯರಿಗೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯಲು ಕಲಿಸುವುದು, ಪುಸ್ತಕಗಳಿಗೆ ರಟ್ಟು ಹಾಕುವುದು, ಸಮವಸ್ತ್ರದ ಗುಂಡಿ ಹೊಲಿಯುವುದು. ನಾನು ಒಂಬತ್ತು ತಿಂಗಳಲ್ಲಿ ಮಾಡಿದ ಅತ್ಯಂತ ಉಪಯೋಗದ ಕೆಲಸ ಯಾವುದು ಗೊತ್ತಾ? ಹಿರಿಯ ದಿದಿಗೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ಎರಡು ವಾರ ರಜೆ ಸಿಗುವಂತೆ ಮಾಡಿದ್ದು. ಅವಳ ಪಾಳಿಯ ಬಟ್ಟೆ, ಪಾತ್ರೆ, ಟ್ಯಾಂಕರು ನಾನು ನೋಡಿಕೊಂಡೆ. ಮಕ್ಕಳನ್ನು ಎರಡನೇ ದಿದಿ ನೋಡಿಕೊಂಡಳು. ಊರಿಗೆ ಹೋಗಿ ಬಂದವಳ ಮುಖದಲ್ಲಿ ಬಂದ ಕಳೆ ಮಕ್ಕಳಿಗೆ ಎಷ್ಟೋ ತಿಂಗಳು ಸಿಕ್ಕಿತು.

ಫೋಟೊ ಮಾತ್ರ ಬೇಡವೇ ಬೇಡ. ಇದರಲ್ಲಿ ನನ್ನದೇ ತಪ್ಪಿದೆ. ಹೋದ ಹೊಸದರಲ್ಲಿ ಒಬ್ಬ ಹುಡುಗಿಯ ಫೋಟೊ, ಹೆಸರು, ‘ಯಾರೂ ಇಲ್ಲದ ಮಗು’ ಎಂಬ ಎರಡು ಸಾಲು ಫೇಸ್‌ಬುಕ್ಕಿಗೆ ಹಾಕಿದೆ. ಮುಂಬೈಯಿಂದ ನೂರಾರು ಲೈಕು. ನಾಲ್ಕು ತಿಂಗಳ ಮೇಲೆ ದಶೈಂಗೆ ಆ ಹುಡುಗಿಯನ್ನು ಕರೆದೊಯ್ಯಲು ಬಂದದ್ದು ಅವಳ ಅಮ್ಮ. ಸಣ್ಣ ಹೆಂಗಸು, ಹುಮ್ಲಾದಿಂದ ಬಂದವಳು, ನನಗೆ ಕೈಮುಗಿದಳು. ಆ ರಾತ್ರಿ ಫೋಟೊ ಅಳಿಸಿದೆ. ಅಳಿಸಿದರೇನು, ಅಷ್ಟರಲ್ಲಿ ಎಷ್ಟು ಜನ ಇಳಿಸಿಕೊಂಡಿದ್ದರೋ. ನಮ್ಮ ದೇಶದಲ್ಲಂತೂ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಇಂಥ ಮಗುವಿನ ಹೆಸರು, ಚಿತ್ರ, ಶಾಲೆ ಯಾವುದನ್ನೂ ಪ್ರಕಟಿಸುವಂತಿಲ್ಲ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ.

ಏನಾದರೂ ಕೆಟ್ಟದ್ದು ಕಂಡರೆ? ಹೊಡೆತ, ಹಸಿವು, ಅದಕ್ಕಿಂತ ಕೆಟ್ಟದ್ದು? ನೇಪಾಳದ ಮಕ್ಕಳ ಸಹಾಯವಾಣಿ 1098. ನಮ್ಮದೂ ಅದೇ ಸಂಖ್ಯೆ, ಮರೆಯುವ ಮಾತಿಲ್ಲ. ನಮ್ಮದು ಹುಟ್ಟಿದ್ದು ಇಲ್ಲೇ, ಮುಂಬೈಯಲ್ಲಿ, 1996ರಲ್ಲಿ, ದೇವನಾರಿನ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಒಂದು ಯೋಜನೆಯಾಗಿ.

ಮುಂಬೈ ಎಂದ ಕೂಡಲೇ ಇನ್ನೊಂದು ಮಾತು. ಮಗಳಿಗೆ ಎಂ.ಎಸ್.ಡಬ್ಲ್ಯೂ. ಬೇಕು ಅಂದಿರಿ. ಸಂದರ್ಶನದಲ್ಲಿ ‘ನೇಪಾಳಕ್ಕೆ ಹೋಗಿದ್ದೆ’ ಎಂದರೆ ಮುಂದಿನ ಪ್ರಶ್ನೆ ‘ಯಾಕೆ, ಮುಲುಂಡಿನಲ್ಲಿ ಮಕ್ಕಳಿರಲಿಲ್ಲವೇ?’ ಅಂತ ಬರಬಹುದು. ನಾನಾಗಿದ್ದರೆ ಕೇಳುತ್ತಿದ್ದೆ. ಇಲ್ಲಿ ಡೋಂಗ್ರಿಯಲ್ಲಿ, ಮಾನ್‌ಖುರ್ದ್‌ನಲ್ಲಿ ಮಕ್ಕಳ ಗೃಹಗಳಿವೆ. ಪುಣೆಯಲ್ಲೂ ಇವೆ. ಒಳಗೆ ಹೋಗಲು ಅನುಮತಿ ಬೇಕು, ತಿಂಗಳಾದರೂ ಹಿಡಿಯುತ್ತದೆ. ಆ ಕಾಯುವಿಕೆಯೇ ಒಂದು ಪಾಠ. ಅಲ್ಲಿ ಸಿಗುವುದು ವಾರಕ್ಕೊಂದು ದಿನ, ಎರಡು ಗಂಟೆ, ಬಹುಶಃ ಗಣಿತ ಹೇಳಿಕೊಡುವ ಕೆಲಸ. ಆದರೆ ಮುಲುಂಡಿನವಳು ಎರಡು ವರ್ಷ ಪ್ರತಿ ಶನಿವಾರ ಹೋಗಬಹುದು. ಅದು ಆರು ವಾರದವರಿಗೆ ಆಗದ ಕೆಲಸ. ಮನೆಗೆ ಇನ್ನೂ ಹತ್ತಿರ ಬೇಕಾದರೆ, ನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ, ವಿಜಯಪುರ ಕಡೆಯವರ ಮಕ್ಕಳಿದ್ದಾರೆ. ಸಂಜೆ ಅವರಿಗೆ ಓದಿಸುವವರಿಲ್ಲ. ಅಪ್ಪ ಅಮ್ಮ ಇದ್ದಾರೆ, ಜೋಪಡಿ ಇದೆ. ಶಾಲೆ ಬಿಟ್ಟರೆ ಊರಿಗೆ, ಇಲ್ಲವೇ ಯಾವುದೋ ಹಾಸ್ಟೆಲಿಗೆ ಹೋಗುವ ಅಂಚಿನಲ್ಲಿರುವವರು. ಮಗು ಬಾಲಗೃಹ ಸೇರುವ ಮೊದಲು ಹಿಡಿದು ನಿಲ್ಲಿಸುವ ಕೆಲಸ ಇದು. ಫೋಟೊಗೆ ಚೆನ್ನಾಗಿ ಕಾಣುವುದಿಲ್ಲ ಅಷ್ಟೇ.

ನೇಪಾಳ ನೋಡುವ ಆಸೆ ತಪ್ಪಲ್ಲ. ಹೋಗಲಿ, ಪಾಟನ್ ದರ್ಬಾರ್ ಚೌಕ ನೋಡಲಿ, ಪೋಖರಾದ ಕೆರೆಯಲ್ಲಿ ದೋಣಿ ಹತ್ತಲಿ, ಢಿಂಡೋ ತಿನ್ನಲಿ. ಪ್ರವಾಸಿಯಾಗಿ ಹೋಗಿ ಪ್ರವಾಸಿಯಾಗಿಯೇ ಬರಲಿ.

ಏಜೆನ್ಸಿಯ ಉತ್ತರ ಬಂದರೆ ನನಗೊಂದು ಪ್ರತಿ ಕಳಿಸಿ, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಮುಂಗಡ ಕಟ್ಟಬೇಡಿ. ಕಟ್ಟಿ ಆಗಿದ್ದರೆ ವಾಪಸ್ ಕೊಡುವ ಷರತ್ತು ಏನಿದೆ ಎಂದು ಇವತ್ತೇ ಓದಿ, ಬಹಳ ಕಡೆ ತಾರೀಕು ದಾಟಿದರೆ ಒಂದು ಪೈಸೆಯೂ ಬರುವುದಿಲ್ಲ.